ಮೊಳೆಯಿಲ್ಲದ ಪತ್ರಿಕೆ: ಜುಲೈ 1ರ ಭಾಷಣಗಳಲ್ಲಿ ಬಾರದ ಹರ್ಮನ್ ಮೊಗ್ಲಿಂಗ್

ಜುಲೈ ತಿಂಗಳು ಬಂದರೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಎರಡು ಸಂಗತಿ ಗ್ಯಾರಂಟಿ. ಒಂದು ಮಳೆ, ಇನ್ನೊಂದು ಪತ್ರಿಕಾ ದಿನಾಚರಣೆ. ಸಭಾಭವನದಲ್ಲಿ ದೀಪ, ಹಿರಿಯ ಪತ್ರಕರ್ತರಿಗೆ ಶಾಲು, ಹಣ್ಣಿನ ಬುಟ್ಟಿ, ಆಮೇಲೆ ಮುಖ್ಯ ಅತಿಥಿಗಳ ಭಾಷಣ. ಭಾಷಣದಲ್ಲಿ ಒಂದು ವಾಕ್ಯ ಕಡ್ಡಾಯ: 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಅಷ್ಟೇ. ಮುಂದಿನ ವಾಕ್ಯದಲ್ಲಿ ಭಾಷಣ ಸೋಷಿಯಲ್ ಮೀಡಿಯಾದ ದುಷ್ಪರಿಣಾಮಕ್ಕೆ ಹಾರುತ್ತದೆ.

ಆ ಒಂದು ವಾಕ್ಯದ ಮೇಲೇ ಈಗ ಎರಡು ಪಾರ್ಟಿ ಆಗಿದೆ. ಒಬ್ಬರಿಗೆ ಆತ ಕನ್ನಡ ಪತ್ರಿಕೋದ್ಯಮದ ಪಿತಾಮಹ. ಇನ್ನೊಬ್ಬರಿಗೆ ಬರೀ ಮತಾಂತರಕ್ಕೆ ಬಂದ ಪಾದ್ರಿ. ಕಮೆಂಟ್ ಬಾಕ್ಸಿನಲ್ಲಿ ಇಬ್ಬರೂ ಜಗಳ ಮಾಡಿ ಸುಸ್ತಾಗುತ್ತಾರೆ, ಆದರೆ ಆ ಪತ್ರಿಕೆ ಹೇಗೆ ಅಚ್ಚಾಯ್ತು ಅಂತ ಇಬ್ಬರಲ್ಲಿ ಯಾರೂ ಕೇಳುವುದಿಲ್ಲ. ನಾನು ಇಂಜಿನಿಯರಿಂಗ್ ಓದಿ ದಾರಿ ತಪ್ಪಿ ಪತ್ರಿಕೋದ್ಯಮಕ್ಕೆ ಬಂದವನು. ನನಗೆ ಮೊದಲು ಕಾಣುವುದೇ ಯಂತ್ರ. ಮೊಗ್ಲಿಂಗ್ ಬದುಕನ್ನು ಅವನ ಯಂತ್ರದ ಕಡೆಯಿಂದ ನೋಡಿದರೆ ಈ ಪಿತಾಮಹ–ಪಾದ್ರಿ ಜಗಳಕ್ಕೆ ಸಿಗದ ಒಂದಷ್ಟು ವಿಷಯ ಸಿಗುತ್ತದೆ. ನಮ್ಮ ತುಳು ಲಿಪಿಯ ಜಗಳಕ್ಕೂ ಅದರಲ್ಲಿ ಒಂದು ಎಳೆ ಇದೆ.

ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಈಗಿನ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರ ಓದಿದ. ಅಲ್ಲಿನ ಅವನ ಗೆಳೆಯ ಹರ್ಮನ್ ಗುಂಡರ್ಟ್. ಇವನು ಕನ್ನಡಕ್ಕೆ ಏನು ಮಾಡಿದನೋ ಅದನ್ನೇ ಆ ಗುಂಡರ್ಟ್ ಮುಂದೆ ಮಲಯಾಳಕ್ಕೆ ಮಾಡಿದ. 1847ರಲ್ಲಿ ತಲಶ್ಶೇರಿಯಿಂದ ಮಲಯಾಳದ ಮೊದಲ ಪತ್ರಿಕೆ ಹೊರಟಿತು. ಕರಾವಳಿಯ ಎರಡು ಭಾಷೆಗಳ ಮೊದಲ ಪತ್ರಿಕೆಗಳ ಹಿಂದೆ ಒಂದೇ ಕಾಲೇಜಿನ ಇಬ್ಬರು ಫ್ರೆಂಡ್ಸ್ ಅಂದರೆ ಇವತ್ತಿನ ಸ್ಟಾರ್ಟಪ್ ಕತೆಯ ಹಾಗೆ ಕೇಳುತ್ತದೆ, ಆದರೆ ನಿಜ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರಿಗೆ ಬಂದಿದ್ದು 1834ರಲ್ಲಿ. ಮೊಗ್ಲಿಂಗ್ ಬಂದಿದ್ದು 1836ರ ಡಿಸೆಂಬರಿನಲ್ಲಿ. ಆ ಸಮಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅವನು ಕಾಲಿಟ್ಟು ನಾಲ್ಕೇ ತಿಂಗಳು, 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿ ಮಂಗಳೂರಿಗೆ ನುಗ್ಗಿತು. ಹದಿಮೂರು ದಿನ ಊರು ಕಂಪನಿ ಸರ್ಕಾರದ ಕೈಯಲ್ಲಿ ಇರಲಿಲ್ಲ. ಆಮೇಲೆ ಗಲ್ಲುಗಳಾದವು. ಇವತ್ತು ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇರುವುದು ಅದೇ ದಂಗೆಯ ನೆನಪಿಗೆ.

ಆಗ ಕೆನರಾ ಮದ್ರಾಸ್ ಪ್ರೆಸಿಡೆನ್ಸಿಯ ಜಿಲ್ಲೆ. ಕಂದಾಯ ಕೇಳುವ ಸರ್ಕಾರ ಎಲ್ಲೋ ದೂರ, ಅದರ ಕಾನೂನು ಕಚೇರಿಯ ಕಾಗದದಲ್ಲಿ. ಆ ಕಾಗದದಲ್ಲಿ ಏನಿದೆ ಅಂತ ಜನಕ್ಕೆ ಗೊತ್ತಾಗುವುದು ಶ್ಯಾನುಭೋಗರು ಹೇಳಿದಷ್ಟು, ಸಂತೆಯಲ್ಲಿ ಕೇಳಿದಷ್ಟು. ಬಂಟ್ವಾಳವೋ, ಘಟ್ಟದ ಮೇಲಿನ ಸರಕು ಕೆಳಗಿಳಿದು ನೇತ್ರಾವತಿಯಲ್ಲಿ ದೋಣಿ ಹತ್ತುವ ಪೇಟೆ. ಸರಕಿನ ಜೊತೆಗೇ ಸುದ್ದಿಯೂ ಇಳಿಯುತ್ತಿತ್ತು, ಸುದ್ದಿಯ ಜೊತೆಗೆ ಗಾಳಿಸುದ್ದಿಯೂ. ದಂಗೆಯಾಗಿ ಆರು ವರ್ಷಕ್ಕೆ, ಸರ್ಕಾರದ ಹೊಸ ಕಾನೂನುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ ಒಂದು ದುಡ್ಡಿಗೆ ಮಾರುವ ಪತ್ರಿಕೆ ಹೊರಟಿತು ಅನ್ನುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು ಅಂತ ನನ್ನ ವಾದ.

ಈಗ ಯಂತ್ರಕ್ಕೆ ಬರೋಣ.

ಕನ್ನಡ ಅಚ್ಚುಮೊಳೆಗಳು ಆಗ ಇರಲೇ ಇಲ್ಲ ಅಂತಲ್ಲ. ಬಂಗಾಳದ ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲೇ ಅಚ್ಚಾಗಿತ್ತು. ಮದ್ರಾಸಿನಲ್ಲಿ, ಬಳ್ಳಾರಿಯಲ್ಲಿ ಮೊಳೆ ಇತ್ತು. ಮಂಗಳೂರಿನಲ್ಲಿ ಇರಲಿಲ್ಲ. ಕನ್ನಡಕ್ಕೆ ಮೊಳೆ ಮಾಡಿಸುವುದು ತಮಾಷೆಯೂ ಅಲ್ಲ. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಸೇರಿಸಿ ಒಂದು ಮರದ ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಕನ್ನಡಕ್ಕೆ ವ್ಯಂಜನಗಳು, ಅವುಗಳ ಕಾಗುಣಿತ, ಅದರ ಕೆಳಗೆ ಒತ್ತಕ್ಷರ. 'ರಾಷ್ಟ್ರ' ಅಂತ ಬರೆಯಿರಿ ನೋಡೋಣ: ಷ ಕೆಳಗೆ ಟ, ಅದಕ್ಕೊಂದು ರ. ಸೀಸದ ಮೊಳೆ ಅಂದರೆ ಒಂದು ಚೌಕ ತುಂಡು. ಒತ್ತು ಆ ಚೌಕದಿಂದ ಕೆಳಗೆ ಇಳಿಯುವ ಹಾಗಿಲ್ಲ. ಹಾಗಾಗಿ ಒತ್ತಿಗೆ ಬೇರೆ ಮೊಳೆ, ಸಾಲುಗಳ ನಡುವೆ ಜಾಸ್ತಿ ಜಾಗ, ಒಟ್ಟು ನೂರಾರು ಬಗೆಯ ಮೊಳೆ. ಜಾಗ ಜಾಸ್ತಿ ಅಂದರೆ ಕಾಗದ ಜಾಸ್ತಿ, ಕಾಗದ ಜಾಸ್ತಿ ಅಂದರೆ ದುಡ್ಡು ಜಾಸ್ತಿ.

ಮೊಗ್ಲಿಂಗ್ ಮತ್ತು ಅವನ ಜೊತೆಗಾರ ಗಾಟ್‌ಫ್ರೀಡ್ ವೈಗ್ಲೆ ಈ ತಲೆನೋವನ್ನೇ ಪಕ್ಕಕ್ಕಿಟ್ಟರು. 1841ರಲ್ಲಿ ಬೊಂಬಾಯಿಂದ ಕಲ್ಲಚ್ಚಿನ ಯಂತ್ರ ತಂದು ಮಂಗಳೂರಿನ ಬಲ್ಮಠದಲ್ಲಿ ಇಟ್ಟರು. ಲಿಥೋಗ್ರಫಿ. ಬವೇರಿಯಾದ ಆಲೋಯಿಸ್ ಸೆನೆಫೆಲ್ಡರ್ 1796ರ ಹೊತ್ತಿಗೆ ಕಂಡುಹಿಡಿದ ಈ ವಿಧಾನ ಸರಳ ರಸಾಯನಶಾಸ್ತ್ರ. ನೀರಿಗೂ ಎಣ್ಣೆಗೂ ಆಗಿಬರುವುದಿಲ್ಲ ಅನ್ನುವುದೇ ಅದರ ಗುಟ್ಟು. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಹಲಗೆ. ಅದರ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯುತ್ತಾರೆ. ಗೋಂದು ಮತ್ತು ಸ್ವಲ್ಪ ಆ್ಯಸಿಡ್ ಸವರುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿದರೆ ಬರಹ ಇಲ್ಲದ ಕಡೆ ನೀರು ಕೂರುತ್ತದೆ, ಬರಹ ಇರುವ ಕಡೆ ಕೂರುವುದಿಲ್ಲ. ಮೇಲಿನಿಂದ ಜಿಡ್ಡುಶಾಯಿಯ ಉರುಳೆ ಓಡಿಸಿದರೆ ಶಾಯಿ ಬರಹಕ್ಕೆ ಮಾತ್ರ ಅಂಟುತ್ತದೆ. ಕಾಗದ ಇಟ್ಟು ಒತ್ತಿದರೆ ಪುಟ ರೆಡಿ. ಇವತ್ತು ನಮ್ಮೂರಿನ ಆಫ್‌ಸೆಟ್ ಪ್ರೆಸ್ಸಿನಲ್ಲಿ ಮದುವೆ ಕಾಗದ, ಜಾತ್ರೆಯ ಆಮಂತ್ರಣ ಅಚ್ಚಾಗುವುದೂ ಇದೇ ತತ್ವದ ಮೇಲೆ. ಕಲ್ಲಿನ ಜಾಗಕ್ಕೆ ಅಲ್ಯೂಮಿನಿಯಂ ಪ್ಲೇಟ್ ಬಂದಿದೆ, ಅಷ್ಟೇ.

ಒಂದು ಕಿರಿಕಿರಿ ಉಂಟು. ಕಲ್ಲಿನ ಮೇಲೆ ನೇರ ಬರೆಯುವುದಾದರೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆಯಬೇಕು. ಇಲ್ಲದಿದ್ದರೆ ವಿಶೇಷ ಲೇಪದ ಕಾಗದದಲ್ಲಿ ನೇರ ಬರೆದು ಕಲ್ಲಿಗೆ ಇಳಿಸಬೇಕು. ತಪ್ಪಾದರೆ ಮೊಳೆ ಬದಲಿಸಿದ ಹಾಗೆ ಬದಲಿಸಲಿಕ್ಕೆ ಆಗುವುದಿಲ್ಲ, ಕಲ್ಲನ್ನೇ ಕೆರೆಯಬೇಕು. ಕೆಲಸ ಮುಗಿದ ಮೇಲೆ ಕಲ್ಲು ಉಜ್ಜಿ ಮುಂದಿನ ಪುಟಕ್ಕೆ ಬಳಸುತ್ತಾರೆ. ಅದೇ ಪುಟ ಮತ್ತೆ ಬೇಕಾದರೆ ಮತ್ತೆ ಬರೆಯಬೇಕು. ಆದರೆ ಲಾಭ ದೊಡ್ಡದು. ಕೈಯಲ್ಲಿ ಏನು ಬರೆಯಲು ಬರುತ್ತದೋ ಅದೆಲ್ಲ ಅಚ್ಚಾಗುತ್ತದೆ. ಒತ್ತಕ್ಷರ ಎಷ್ಟು ಬೇಕಾದರೂ ಇಳಿಯಲಿ, ತಲೆಕಟ್ಟು ಹೇಗೆ ಬೇಕಾದರೂ ಬಾಗಲಿ, ನಕ್ಷೆ ಬರಲಿ, ಚಿತ್ರ ಬರಲಿ.

ಅಂದರೆ 'ಮಂಗಳೂರ ಸಮಾಚಾರ' ಅಚ್ಚುಮೊಳೆ ಇಲ್ಲದ ಪತ್ರಿಕೆ. ಹದಿನೈದು ದಿನಕ್ಕೊಂದು ಸಂಚಿಕೆ, ನಾಲ್ಕು ಪುಟ, ಒಂದೊಂದು ಅಕ್ಷರವೂ ಯಾರದೋ ಕೈಬರಹ. ಊರಿನ ಸುದ್ದಿ, ಸರ್ಕಾರದ ಕಾನೂನು, ಬೇರೆ ರಾಜ್ಯಗಳ ವರ್ತಮಾನ, ಕತೆ, ನೀತಿಯ ಹಾಡು ಎಲ್ಲ ಆ ನಾಲ್ಕು ಪುಟದಲ್ಲೇ ಹಿಡಿಸಬೇಕು. ವಿನ್ಯಾಸ ಅಂದರೆ ಇಲ್ಲಿ ಅಲಂಕಾರ ಅಲ್ಲ, ಲೆಕ್ಕಾಚಾರ. ಅಕ್ಷರ ಸಣ್ಣದಾದರೆ ಓದಲು ಆಗದು, ದೊಡ್ಡದಾದರೆ ಸುದ್ದಿ ಹಿಡಿಸದು. ಆ ಲೆಕ್ಕ ಮಾಡಿದ್ದು ಬರೆಯುವ ಕೈ. ಜುಲೈ 1ರ ವೇದಿಕೆಯಲ್ಲಿ ಸಂಪಾದಕನ ಫೋಟೋಗೆ ಹಾರ ಬೀಳುತ್ತದೆ, ಆ ಕೈಗಳ ಮಾತು ಬರುವುದಿಲ್ಲ. ನಮ್ಮ ಡೆಸ್ಕುಗಳಲ್ಲಿ ಪುಟ ಕಟ್ಟುವವರ ಪಾಡೂ ಇವತ್ತಿಗೆ ಹಾಗೇ ಅಲ್ವಾ.

ಮಂಗಳೂರಿನಿಂದ ಪತ್ರಿಕೆ ನಡೆದದ್ದು ವರ್ಷವೂ ತುಂಬಲಿಲ್ಲ. 1844ರ ಫೆಬ್ರವರಿಗೆ ಇಲ್ಲಿ ನಿಂತು, ಮಾರ್ಚಿಗೆ ಬಳ್ಳಾರಿಯಿಂದ ಮೊಳೆಯಚ್ಚಿನಲ್ಲಿ, 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಹೊರಟಿತು. ಹೆಸರು ಬದಲಾದದ್ದನ್ನು ಗಮನಿಸಿ. ಒಂದು ಊರಿನ ಹೆಸರು ಹೋಗಿ ಒಂದು ಭಾಷೆಯ ಹೆಸರು ಬಂತು. ಕನ್ನಡ ಮಾತಾಡುವವರು ಮದ್ರಾಸ್, ಬೊಂಬಾಯಿ, ಮೈಸೂರು, ನಿಜಾಮ ಅಂತ ಹರಿದು ಹಂಚಿದ್ದ ಕಾಲದಲ್ಲಿ, ಏಕೀಕರಣಕ್ಕೆ ನೂರ ಹನ್ನೆರಡು ವರ್ಷ ಮೊದಲು, ಓದುಗರ ನಾಡು ಆಡಳಿತದ ಗಡಿಗಿಂತ ದೊಡ್ಡದು ಅಂತ ಈ ಪಾದ್ರಿಗೆ ಹೊಳೆದಿತ್ತು.

ಅದೇ 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ದೊಡ್ಡ ಗಲಾಟೆ ಆಯಿತು. ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಕ್ರೈಸ್ತನಾದ. ಮನೆಯವರ, ಊರಿನವರ ಸಿಟ್ಟು ಮಿಷನ್ನಿನ ಮೇಲೆ ತಿರುಗಿತು. ಮೊಗ್ಲಿಂಗ್ ಈ ಯುವಕನನ್ನು ಮುಂದೆ ಬಾಸೆಲ್ಲಿಗೆ ಕರೆದುಕೊಂಡು ಹೋದ. ಕೌಂಡಿನ್ಯ ಅಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ವಾಪಸ್ ಬಂದರು. ಇದನ್ನು ಮುಚ್ಚಿಟ್ಟು ಮೊಗ್ಲಿಂಗನನ್ನು ಬರೀ ಕನ್ನಡ ಸೇವಕ ಮಾಡುವವರು ಅವನಿಗೇ ಅನ್ಯಾಯ ಮಾಡುತ್ತಾರೆ. ಅವನು ಬಂದಿದ್ದೇ ಮತಪ್ರಚಾರಕ್ಕೆ, ಅದನ್ನು ಅವನು ಅಡಗಿಸಿಯೂ ಇಡಲಿಲ್ಲ. ಇಲ್ಲಿನ ದೇವರು, ಆಚರಣೆಗಳ ಬಗ್ಗೆ ಕಟುವಾಗಿ ಬರೆದ ಕರಪತ್ರಗಳೂ ಅದೇ ಕಲ್ಲಿನ ಮೇಲೆ ಅಚ್ಚಾದವು.

ಅದೇ ಕಲ್ಲಿನ ಮೇಲೆ ಬಸವಪುರಾಣವೂ ಅಚ್ಚಾಯಿತು. ನನಗೆ ಈ ಮನುಷ್ಯ ಆಸಕ್ತಿ ಹುಟ್ಟಿಸುವುದು ಇಲ್ಲಿ.

ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಎಂಬಾತ ದುಡ್ಡು ಕೊಡಲು ಮುಂದಾದ. ಅದರಿಂದ 1848ರಲ್ಲಿ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆ ಶುರುವಾಯಿತು. ಲಕ್ಷ್ಮೀಶನ ಜೈಮಿನಿ ಭಾರತ, ಕುಮಾರವ್ಯಾಸನ ಭಾರತ, ಬಸವಪುರಾಣ, ಚೆನ್ನಬಸವಪುರಾಣ, 170ಕ್ಕೂ ಹೆಚ್ಚು ದಾಸರ ಪದಗಳು, ಜೊತೆಗೆ ರಾವಣ ದಿಗ್ವಿಜಯ ಎಂಬ ಯಕ್ಷಗಾನ ಪ್ರಸಂಗ. ಕಾಸಮೇಜರ್ 1849ರಲ್ಲಿ ತೀರಿಕೊಂಡ, ಕೆಲಸ ನಿಲ್ಲಲಿಲ್ಲ. ಪಟ್ಟಿ ನೋಡಿ: ವೈಷ್ಣವ, ವೀರಶೈವ, ದಾಸರು, ಆಟದ ಮೇಳ. ಒಂದು ಮಠಕ್ಕೆ ಇನ್ನೊಂದು ಮಠದ ಓಲೆಗರಿ ಮುಟ್ಟದ ಕಾಲದಲ್ಲಿ ಇವೆಲ್ಲ ಒಂದೇ ಮಾಲೆಯಲ್ಲಿ, ಒಂದೇ ಯಂತ್ರದಿಂದ, ದುಡ್ಡು ಕೊಟ್ಟ ಯಾರಿಗೂ ಸಿಗುವ ಹಾಗೆ ಬಂದವು.

ಇದರ ತೂಕ ಗೊತ್ತಾಗಬೇಕಾದರೆ ಮೂಡುಬಿದಿರೆಗೆ ಬರಬೇಕು. ಅಲ್ಲಿ ಓದುವಾಗ ನಾನು ಹಾಸ್ಟೆಲಿನಿಂದ ಸಾವಿರ ಕಂಬದ ಬಸದಿ ಕಡೆ ಎಷ್ಟು ಸಲ ನಡೆದಿದ್ದೇನೋ, ಆದರೆ ಅದೇ ಪೇಟೆಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಓಲೆಗರಿಗಳಿವೆ ಅನ್ನುವುದು ಗೊತ್ತಾದದ್ದು ಡಿಗ್ರಿ ಮುಗಿದ ಮೇಲೆ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು, ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಬರಹ ಮತ್ತು ಚಿತ್ರವನ್ನು ಒಂದೇ ಪುಟದಲ್ಲಿ ಕೂರಿಸುವ ಕಲೆ ನಮ್ಮ ಕರಾವಳಿಯಲ್ಲಿ ಎಷ್ಟು ಹಳೆಯದು ಅಂತ ಅವನ್ನು ನೋಡಿದರೆ ತಿಳಿಯುತ್ತದೆ. ಆದರೆ ಶತಮಾನಗಳ ಕಾಲ ಅವು ದರ್ಶನಕ್ಕೆ ಮಾತ್ರ ಇದ್ದವು, ಓದಿಗಲ್ಲ. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. ಧವಲಾದ ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ, ಅದೂ ದೂರದ ಅಮರಾವತಿಯಿಂದ. ಬಲ್ಮಠದ ಕಲ್ಲು ತಿರುಗಿ ತೊಂಬತ್ತು ವರ್ಷ ಆದ ಮೇಲೆ. ಪೂಜೆ ಮಾಡುವ ಪುಸ್ತಕಕ್ಕೂ ಓದುವ ಪುಸ್ತಕಕ್ಕೂ ನಡುವೆ ಇರುವ ದೂರ ಇದು. ಮೊಗ್ಲಿಂಗ್ ಹೊರಗಿನವನಾದ್ದರಿಂದ ಆ ದೂರವನ್ನು ದಾಟುವುದು ಅವನಿಗೆ ಸುಲಭವಾಯಿತು. ಯಾವ ಗ್ರಂಥವೂ ಅವನಿಗೆ ಪೂಜೆಯದ್ದಾಗಿರಲಿಲ್ಲ. ಎದುರಾಳಿಯನ್ನು ಅರಿಯಲು ಓದಲು ಶುರುಮಾಡಿ, ಕೊನೆಗೆ ಪುರಂದರದಾಸರನ್ನು ಜರ್ಮನ್ ಪದ್ಯಕ್ಕೆ ಇಳಿಸುವಷ್ಟು ಸಿಕ್ಕಿಕೊಂಡ.

ಈಗ ತುಳುವಿನ ವಿಷಯ. ಬೆಳ್ತಂಗಡಿ ಕಡೆ ಬಸ್‌ಸ್ಟ್ಯಾಂಡ್ ಬೋರ್ಡಿನಿಂದ ಹಿಡಿದು ಬೈಕಿನ ಸ್ಟಿಕ್ಕರ್ ತನಕ ತುಳು ಲಿಪಿ ಕಾಣಲು ಶುರುವಾಗಿ ಕೆಲವು ವರ್ಷಗಳಾದವು. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ನೇ ಆವೃತ್ತಿಯಲ್ಲಿ ತುಳು–ತಿಗಳಾರಿ ಲಿಪಿ ಸೇರಿತು. ಎಂಟನೇ ಪರಿಚ್ಛೇದದ ಚರ್ಚೆಯಲ್ಲಿ ಒಂದು ಮಾತು ಯಾವಾಗಲೂ ಬರುತ್ತದೆ: ಮಿಷನ್ನಿನವರ ಬಳಿ ಕನ್ನಡ ಮೊಳೆ ಮಾತ್ರ ಇತ್ತು, ಹಾಗಾಗಿ ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದರು, ಅಲ್ಲಿಗೆ ನಮ್ಮ ಲಿಪಿ ಸತ್ತಿತು.

ನಾನೂ ಇದನ್ನು ನಂಬಿದ್ದೆ. ಈಗ ಯಂತ್ರವನ್ನು ನೆನಪು ಮಾಡಿಕೊಳ್ಳಿ. ಮಿಷನ್ನಿನ ತುಳು ಹೊಸ ಒಡಂಬಡಿಕೆ ಪೂರ್ತಿಯಾಗಿ ಹೊರಬಂದದ್ದು 1847ರಲ್ಲಿ, ಕಲ್ಲಚ್ಚಿನಲ್ಲಿ. ಕಲ್ಲಿಗೆ ಲಿಪಿಯ ಹಂಗಿಲ್ಲ. ಕನ್ನಡ ಬರೆದರೆ ಕನ್ನಡ, ತಿಗಳಾರಿ ಬರೆದರೆ ತಿಗಳಾರಿ, ಅರಬ್ಬಿ ಬರೆದರೆ ಅರಬ್ಬಿ. ಮೊಳೆ ಇಲ್ಲ ಅನ್ನುವ ನೆಪವೇ ಅಲ್ಲಿ ಇರಲಿಲ್ಲ. ಹಾಗಿದ್ದೂ ಕನ್ನಡ ಲಿಪಿ ಆರಿಸಿಕೊಂಡರು ಅಂದರೆ ಕಾರಣ ತಂತ್ರಜ್ಞಾನದಲ್ಲಿ ಇಲ್ಲ, ಓದುಗರಲ್ಲಿದೆ. ಆ ಹೊತ್ತಿಗೆ ಕಚೇರಿ, ಶಾಲೆ, ಲೆಕ್ಕಪತ್ರ ಎಲ್ಲ ಕನ್ನಡದಲ್ಲಿ. ಇನ್ನೊಂದು ಲಿಪಿ ಹೆಚ್ಚಾಗಿ ಸಂಸ್ಕೃತ ಗ್ರಂಥ, ಮಂತ್ರ, ವೈದ್ಯದ ಓಲೆಗಳಿಗೆ, ಅದೂ ಬ್ರಾಹ್ಮಣ ಮನೆಗಳಲ್ಲಿ. ತುಳುವಿನ ಹಳೆಯ ಕಾವ್ಯಗಳು ಆ ಲಿಪಿಯಲ್ಲಿ ಸಿಕ್ಕಿವೆ, ವೆಂಕಟರಾಜ ಪುಣಿಂಚತ್ತಾಯರು ಅದಕ್ಕೆ ಜೀವ ಸವೆಸಿದ್ದಾರೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಮಿಷನ್ನಿನ ತುಳು ಪುಸ್ತಕ ತಲುಪಬೇಕಾಗಿದ್ದ ಬಿಲ್ಲವರ, ಮೊಗವೀರರ ಮನೆಗಳಿಗೆ ಆ ಲಿಪಿ ತಲುಪಿರಲಿಲ್ಲ. ಲಿಪಿಯ ಚರ್ಚೆಗೆ ಜಾತಿಯ ಚರ್ಚೆ ಅಂಟಿಕೊಂಡೇ ಇದೆ. ಅದನ್ನು ಪಾದ್ರಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನಮಗೆ ಅನುಕೂಲ, ಅಷ್ಟೆ.

ಮೊಳೆ ಬಂದದ್ದು ಆಮೇಲೆ. 1851ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಕುಶಲಕರ್ಮಿ ಮಂಗಳೂರಿಗೆ ಬಂದ ನಂತರ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕನ್ನಡ ಮೊಳೆಯಚ್ಚಿನ ದಾರಿ ತೆರೆಯಿತು. ಅದೇ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ. ನಮ್ಮ ಅಜ್ಜಿ ಮನೆಯ ಮಾಡಿನ ಮಂಗಳೂರು ಹೆಂಚಿಗೂ, ಅದರಡಿ ಕೂತು ಓದಿದ ಪುಸ್ತಕದ ಅಕ್ಷರಕ್ಕೂ ಒಬ್ಬನೇ ಮೂಲಪುರುಷ! ಎರಡರಲ್ಲೂ ಕೆಲಸ ಒಂದೇ, ಅಚ್ಚು ಮಾಡಿ ಒಂದೇ ಅಳತೆಯ ತುಂಡುಗಳನ್ನು ಸಾಲಾಗಿ ಜೋಡಿಸುವುದು. ಮೊಳೆ ಬಂದ ಮೇಲೆ ಕನ್ನಡ ಅಕ್ಷರ ಒಂದು ಶಿಸ್ತಿಗೆ ಬಂತು, ಪುಸ್ತಕ ಅಗ್ಗವಾಯಿತು, ತಿದ್ದುವುದು ಸುಲಭವಾಯಿತು. 1872ರ ಬ್ರಿಗಲ್‌ನ ತುಳು ವ್ಯಾಕರಣ, 1886ರ ಮ್ಯಾನರ್‌ನ ತುಳು ನಿಘಂಟು, 1894ರ ಕಿಟ್ಟೆಲ್ ಕೋಶ ಬಂದದ್ದು ಆ ಪ್ರೆಸ್ಸಿನಿಂದಲೇ. ಕಳೆದುಹೋದದ್ದು ಕೈಯ ವೈವಿಧ್ಯ. ಬಂಟ್ವಾಳ ಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೂಲೆಗೆ ಬಿದ್ದ ಟ್ರೆಡಲ್ ಯಂತ್ರ ತೋರಿಸುತ್ತಾ ಅದರ ಯಜಮಾನರು ಒಮ್ಮೆ ನನಗೆ ಒತ್ತಕ್ಷರದ ಮೊಳೆಗಳನ್ನು ಅಂಗೈಯಲ್ಲಿ ಹಾಕಿದ್ದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು. ಒಂದು ಕೆಳಗೆ ಬಿದ್ದರೆ ಹುಡುಕಲು ಅರ್ಧ ಗಂಟೆ ಬೇಕಂತೆ.

ಮೊಗ್ಲಿಂಗ್ ಆ ಶಿಸ್ತಿನ ಕಾಲಕ್ಕೆ ಕಾಯಲಿಲ್ಲ. ಅವನ ಸ್ವಭಾವವೇ ಕಾಯದ್ದು. 1847ರಲ್ಲಿ ಬಲ್ಮಠದಲ್ಲಿ ದೇವತಾಶಾಸ್ತ್ರದ ಕಾಲೇಜು ಕಟ್ಟಿದವನು, 1852ರ ಹೊತ್ತಿಗೆ ಊರಿಗೆ ಮರಳಲು ಹೊರಟಿದ್ದ. ಆಗ ಕೊಡಗಿನಿಂದ ಆಲಮಂಡ ಸೋಮಯ್ಯ ಎಂಬ ಸನ್ಯಾಸಿ ಬಂದು ಕ್ರೈಸ್ತನಾಗಬೇಕೆಂದ. ಹಡಗು ಬಿಟ್ಟು ಮೊಗ್ಲಿಂಗ್ ಅವನ ಹಿಂದೆ ಘಟ್ಟ ಹತ್ತಿದ, ಮಿಷನ್ನಿನ ಅಪ್ಪಣೆಗೂ ಕಾಯದೆ. 1855ರಲ್ಲಿ ಕೊಡಗಿನ ಇತಿಹಾಸ ಬರೆದು ಪ್ರಕಟಿಸಿದ. ಕಾಫಿ ನಾಡಿನಲ್ಲಿ ಜೀತದಾಳುಗಳಾಗಿದ್ದ ಹೊಲೆಯ ಸಮುದಾಯದವರಿಗಾಗಿ ಆನಂದಪುರ ಎಂಬ ಊರು ಕಟ್ಟಿದ. ನಡುವೆ ಗೆಳೆಯ ವೈಗ್ಲೆ 1855ರಲ್ಲಿ ತೀರಿಕೊಂಡ. ವೈಗ್ಲೆಯ ವಿಧವೆ ಪೌಲಿನಾಳನ್ನು ಮೊಗ್ಲಿಂಗ್ ಮದುವೆಯಾದ. 1858ರಲ್ಲಿ ಅವನು ಓದಿದ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಯಾವುದಕ್ಕೆ? ಆತ್ಮಗಳ ಉದ್ಧಾರಕ್ಕಲ್ಲ, ಕನ್ನಡದ ಹಳೆಯ ಕಾವ್ಯಗಳನ್ನು ಕಲ್ಲಿನ ಮೇಲೆ ಬರೆಸಿ ಅಚ್ಚು ಹಾಕಿದ್ದಕ್ಕೆ.

1860ರಲ್ಲಿ ಅವನು ಇಂಡಿಯಾ ಬಿಟ್ಟ, ಮತ್ತೆ ಬರಲಿಲ್ಲ. 1881ರ ಮೇ ತಿಂಗಳಲ್ಲಿ ಜರ್ಮನಿಯ ಎಸ್ಲಿಂಗನ್ನಿನಲ್ಲಿ ತೀರಿಕೊಂಡಾಗ ಬಂಟ್ವಾಳದ ಒಬ್ಬ ಹುಡುಗನಿಗೆ ಏಳು ವರ್ಷ. ಆ ಹುಡುಗ ಪಂಜೆ ಮಂಗೇಶರಾವ್. ಅಷ್ಟರಲ್ಲಿ ಬಲ್ಮಠದ ಪ್ರೆಸ್ಸಿನಲ್ಲಿ ಮಕ್ಕಳ ಪಠ್ಯಪುಸ್ತಕಗಳು ಅಚ್ಚಾಗುತ್ತಿದ್ದವು, ಸೀಸದ ಮೊಳೆಯಲ್ಲಿ, ಸಾಲಿಗೆ ಸಾಲು ನೆಟ್ಟಗೆ.